‘ಮಾನಸೋಲ್ಲಾಸ’ವನ್ನು ಮೂರನೆಯ ಸೋಮೇಶ್ವರನೇ ಬರೆದನೇ?

ಪ್ರಶ್ನೆ: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಸಂಗೀತ, ನೃತ್ಯಗಳ ಬಗ್ಗೆಯೂ ಬರೆದನೆನ್ನುತ್ತಾರೆ. ನಿಜವಾಗಿ ಬರೆದವನು ಅರಸನೇ, ಅಥವಾ ಆಸ್ಥಾನದ ಪಂಡಿತರು ಬರೆದು ಅವನ ಹೆಸರಿಟ್ಟರೇ?

ಉತ್ತರ: ಪರಂಪರೆ ಕರ್ತೃವೆಂದು ಒಪ್ಪಿರುವುದು ಸೋಮೇಶ್ವರನನ್ನೇ. ಆದರೆ 1126ರ ಸುಮಾರಿನಿಂದ 1138ರವರೆಗೆ ಆಳಿದ ಈ ‘ಭೂಲೋಕಮಲ್ಲ’ನ ಕೃತಿಯಲ್ಲಿ ಐದು ವಿಂಶತಿಗಳೂ (ಇಪ್ಪತ್ತು ಅಧ್ಯಾಯಗಳ ಭಾಗಗಳು) ಒಟ್ಟು ನೂರು ಅಧ್ಯಾಯಗಳೂ ಇದ್ದು, ಆನೆಗಳ ಲಕ್ಷಣದಿಂದ ಹಿಡಿದು ರತ್ನಪರೀಕ್ಷೆ, ಚಿತ್ರಕಲೆ, ಅಡುಗೆಯವರೆಗೆ ವಿಷಯಗಳು ಹರಡಿಕೊಂಡಿರುವುದರಿಂದ, ಆಯಾ ವಿದ್ಯೆ ಬಲ್ಲವರ ನೆರವಿಲ್ಲದೆ ಒಬ್ಬನೇ ಇದನ್ನೆಲ್ಲ ರಚಿಸಿದನೆಂದು ನಂಬುವುದು ಕಷ್ಟ.

ಹಾಗಿದ್ದರೂ ನಾಲ್ಕನೆಯದಾದ ವಿನೋದವಿಂಶತಿಯ ಗೀತ, ವಾದ್ಯ, ನೃತ್ಯ ಭಾಗಗಳಲ್ಲಿ ಅರಸನ ಕಣ್ಣು ಸ್ಪಷ್ಟವಾಗಿ ಕಾಣುತ್ತದೆಂಬುದು ನನ್ನ ಅಭಿಪ್ರಾಯ. ನೃತ್ಯದಲ್ಲಿ ಬಳಕೆಯಾಗುವ ಅಂಗ, ಉಪಾಂಗ, ಸ್ಥಾನ (ನಿಲ್ಲುವ ಭಂಗಿ)ಗಳ ಶಾಸ್ತ್ರೀಯ ವಿವರ ಅಲ್ಲಿಯೂ ಉಂಟು. ಚೌಕಟ್ಟು ಮಾತ್ರ ರಾಜಸಭೆಯದು. ಉತ್ಸವ, ವಿಜಯ, ಹರ್ಷ ಮೊದಲಾದ ಸಂದರ್ಭಗಳ ಜೊತೆಗೆ ಕಲಾವಿದರ ನಡುವಿನ ವಿವಾದ, ಅವರ ಪರೀಕ್ಷೆ ಇವೂ ನೃತ್ಯವನ್ನು ಏರ್ಪಡಿಸಲು ತಕ್ಕ ಸಂದರ್ಭಗಳೆಂದು ಗ್ರಂಥ ಹೇಳುತ್ತದೆ. ತೀರ್ಪು ಕೊಡುವ ಆಸನದಲ್ಲಿ ಕುಳಿತವನಿಗೆ ಸಹಜವಾಗಿ ತೋರುವ ಪಟ್ಟಿಯಿದು. ನಾಟ್ಯ, ಲಾಸ್ಯ, ತಾಂಡವಗಳ ಸಾಲಿನಲ್ಲಿಯೇ ಕಸರತ್ತಿನ ‘ವಿಷಮ’ಕ್ಕೂ ನಗೆಯುಕ್ಕಿಸುವ ‘ವಿಕಟ’ಕ್ಕೂ ಜಾಗ ದೊರೆತಿದೆ, ನಟ, ನರ್ತಕಿಯರ ಜೊತೆಗೆ ಲಾಗ ಹಾಕುವ ಕೊಲ್ಲಾಟಿಕರನ್ನೂ ಬಿಟ್ಟಿಲ್ಲ.

ಗೀತವಿನೋದದಲ್ಲಿ ಈ ನೋಟ ಇನ್ನೂ ವಿಶಾಲವಾಗುತ್ತದೆ. ಕಥೆಗಳಿಗೆ ಷಟ್ಪದಿ, ಮದುವೆಗೆ ಧವಲ, ಉತ್ಸವಕ್ಕೆ ಮಂಗಲ, ಯೋಗಿಗಳಿಗೆ ಚರ್ಯಾ ಎಂದು ಹಾಡಿನ ಬಗೆಗಳನ್ನು ವಿಂಗಡಿಸುವ ಕರ್ತೃ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡುವ ‘ಓವಿ’ಯನ್ನೂ ದಾಖಲಿಸುತ್ತಾನೆ. ಸಂಸ್ಕೃತದಲ್ಲಿ ಬರೆಯುತ್ತಲೇ ದೇಶಭಾಷೆಗಳ ಹಾಡಿಗೆ ಇಷ್ಟು ಕಿವಿಗೊಟ್ಟದ್ದು ಈ ಗ್ರಂಥದ ದೊಡ್ಡ ಗುಣ.

ಮುಂದಿನ ಶಾಸ್ತ್ರಕಾರರಿಗೆ ಕರ್ತೃತ್ವದ ಸಂಶಯವಿದ್ದಂತಿಲ್ಲ. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಪೂರ್ವಾಚಾರ್ಯರನ್ನು ಹೆಸರಿಸುವಾಗ ಸೋಮೇಶನನ್ನು ನೆನೆಯುತ್ತಾನೆ. ಅದೇ ಶತಮಾನದ ಕಾಕತೀಯ ಸೇನಾನಿ ಜಾಯಪನಂತೂ, ಕಲ್ಯಾಣದ ಭೂತಮಾತೃ ಉತ್ಸವದಲ್ಲಿ ಭಿಲ್ಲರ ಹೆಣ್ಣಿನ ವೇಷದ ಕುಣಿತವನ್ನು ಕಂಡ ಸೋಮೇಶ್ವರನು ‘ಗೊಂಡಲಿ’ ಎಂಬ ನೃತ್ಯವನ್ನೇ ರೂಪಿಸಿದನೆಂದು ‘ನೃತ್ತರತ್ನಾವಳಿ’ಯಲ್ಲಿ ಹೇಳುತ್ತಾನೆ. ಶಾರ್ಙ್ಗದೇವನ ಪಟ್ಟಿಯಲ್ಲಿ ಸೋಮೇಶನ ಬೆನ್ನಿಗೇ ಬರುವ ‘ಜಗದೇಕ ಮಹೀಪತಿ’ಯು ಅವನ ಮಗ ಇಮ್ಮಡಿ ಜಗದೇಕಮಲ್ಲ, ‘ಸಂಗೀತಚೂಡಾಮಣಿ’ ಅವನ ಕೃತಿ.