ಸ್ಪ್ಯಾನಿಷ್‌ನಲ್ಲಿ ‘ಎಸ್ಕ್ರಿಬಿದೊ’ ಯಾಕೆ ತಪ್ಪು?

ಓದುಗರ ಪ್ರಶ್ನೆ: ಪ್ರೆಸೆಂಟ್ ಪರ್ಫೆಕ್ಟ್‌ಗೆ ಕ್ರಿಯಾಪದದ ಕೊನೆಯಲ್ಲಿ ‘ಆದೊ’ ಇಲ್ಲವೇ ‘ಇದೊ’ ಹಚ್ಚಿದರೆ ಸಾಕು ಅಂತ ತರಗತಿಯಲ್ಲಿ ಹೇಳಿಕೊಟ್ಟರು. ಅದರಂತೆ ‘ಬರೆದಿದ್ದೇನೆ’ ಅನ್ನಲು ‘ಎ ಎಸ್ಕ್ರಿಬಿದೊ’ ಅಂತ ಬರೆದರೆ ತಪ್ಪು ಅಂದರು. ಇಂಥ ಅಪವಾದಗಳು ಒಟ್ಟು ಎಷ್ಟಿವೆ? ಎಲ್ಲವನ್ನೂ ಬಾಯಿಪಾಠ ಮಾಡಲೇಬೇಕಾ?

ಉತ್ತರ: ಬಾಯಿಪಾಠ ಮಾಡಬೇಕಾದ ಬೇರುಗಳು 11 ಮಾತ್ರ. ಉಳಿದವು ಅವುಗಳಿಗೇ ಮುಂದೆ ಏನಾದರೂ ಸೇರಿಕೊಂಡು ಹುಟ್ಟಿದವು. ಕಲಿಯುವವರು ಎಡವುವುದು ಈ 11ರಲ್ಲಿ ಕಡಿಮೆ, ಅವುಗಳ ಆಸುಪಾಸಿನಲ್ಲೇ ಹೆಚ್ಚು.

(ಸ್ಪ್ಯಾನಿಷ್ ಪದಗಳನ್ನು ಇಲ್ಲಿ ಕಿವಿಗೆ ಬೀಳುವಂತೆ ಬರೆದಿದ್ದೇವೆ. ಆ ಭಾಷೆಯಲ್ಲಿ ‘ವಿ’ ಅಕ್ಷರದ ಉಚ್ಚಾರ ‘ಬ’, ‘ಎಚ್’ ಅಕ್ಷರಕ್ಕೆ ಸದ್ದೇ ಇಲ್ಲ.)

ಮೊದಲು ನಿಯಮ ನೋಡಿಬಿಡೋಣ. ಅಬೆರ್ ಎಂಬ ಸಹಾಯಕ ಕ್ರಿಯಾಪದದ ರೂಪಗಳು ಎ, ಆಸ್, ಆ, ಎಮೊಸ್, ಅಬೆಯ್ಸ್, ಆನ್. ಅದರ ಪಕ್ಕದಲ್ಲಿ ಮುಖ್ಯ ಕ್ರಿಯಾಪದದ ಪಾಸ್ಟ್ ಪಾರ್ಟಿಸಿಪಲ್ (‘ಬರೆದಿದ್ದೇನೆ’ಯಲ್ಲಿನ ‘ಬರೆದು’ ತರಹದ ರೂಪ) ಕೂರುತ್ತದೆ. ‘ಆರ್’ನಿಂದ ಮುಗಿಯುವ ಕ್ರಿಯಾಪದಕ್ಕೆ ‘ಆದೊ’: ಅಬ್ಲಾರ್ (ಮಾತಾಡು), ಅಬ್ಲಾದೊ. ‘ಎರ್’, ‘ಇರ್’ ಇದ್ದರೆ ‘ಇದೊ’: ಕೊಮೆರ್ (ತಿನ್ನು), ಕೊಮಿದೊ; ಬಿಬಿರ್ (ಬಾಳು), ಬಿಬಿದೊ. ಅಪವಾದಗಳೆಲ್ಲ ಇರುವುದು ‘ಎರ್’, ‘ಇರ್’ ಗುಂಪುಗಳಲ್ಲಿ ಮಾತ್ರ. ‘ಆರ್’ ಗುಂಪಿನಲ್ಲಿ ಒಂದೂ ಇಲ್ಲ. ಅಲ್ಲಿ ಕಣ್ಣುಮುಚ್ಚಿ ‘ಆದೊ’ ಹಚ್ಚಬಹುದು.

ಈಗ ಆ 11. ಅಕಾರಾದಿಯಾಗಿ ಉರುಹೊಡೆಯುವ ಬದಲು ಕೊನೆಯ ಸದ್ದಿನ ಪ್ರಕಾರ ಜೋಡಿಸಿಕೊಂಡರೆ ಬೇಗ ನಾಲಿಗೆಗೆ ಹತ್ತುತ್ತವೆ. ‘ಚೊ’ ಎರಡು: ದೆಸಿರ್ (ಹೇಳು), ದಿಚೊ, ಅಸೆರ್ (ಮಾಡು), ಎಚೊ. ‘ಸ್ತೊ’ ಎರಡು: ಪೊನೆರ್ (ಇಡು), ಪ್ವೆಸ್ತೊ, ಬೆರ್ (ನೋಡು), ಬಿಸ್ತೊ. ‘ಲ್ತೊ’ ಎರಡು: ಬೊಲ್ಬೆರ್ (ಮರಳಿ ಬರು), ಬ್ವೆಲ್ತೊ, ರೆಸೊಲ್ಬೆರ್ (ಬಗೆಹರಿಸು), ರೆಸ್ವೆಲ್ತೊ. ‘ರ್ತೊ’ ಮೂರು: ಅಬ್ರಿರ್ (ತೆರೆ), ಅಬ್ಯೆರ್ತೊ; ಕುಬ್ರಿರ್ (ಮುಚ್ಚು, ಹೊದಿಸು), ಕುಬ್ಯೆರ್ತೊ; ಮೊರಿರ್ (ಸಾಯು), ಮ್ವೆರ್ತೊ. ಉಳಿದ ಎರಡು ಬಿಡಿ: ಎಸ್ಕ್ರಿಬಿರ್, ಎಸ್ಕ್ರಿತೊ, ರೊಂಪೆರ್ (ಮುರಿ), ರೊತೊ.

ಇವು ಯಾಕೆ ಹೀಗೆ? ಇವೆಲ್ಲ ಲ್ಯಾಟಿನ್‌ನ ಹಳೆಯ ರೂಪಗಳು, ಸ್ಪ್ಯಾನಿಷ್‌ನ ಉಚ್ಚಾರ ಬದಲಾದಂತೆ ಸವೆದು ಬಂದವು. ಲ್ಯಾಟಿನ್‌ನ ‘ಕ್ತ್’ ಸ್ಪ್ಯಾನಿಷ್‌ನಲ್ಲಿ ‘ಚ್’ ಆಯಿತು: ಫಾಕ್ತುಮ್ ಹೋಗಿ ಎಚೊ, ದಿಕ್ತುಮ್ ಹೋಗಿ ದಿಚೊ. ಒಕ್ತೊ (ಎಂಟು) ‘ಒಚೊ’ ಆದದ್ದೂ, ನೊಕ್ತೆಮ್ (ರಾತ್ರಿ) ‘ನೊಚೆ’ ಆದದ್ದೂ ಇದೇ ದಾರಿಯಲ್ಲಿ. ಒತ್ತು ಬಿದ್ದ ಹ್ರಸ್ವ ‘ಒ’ ಒಡೆದು ‘ವೆ’ ಆಯಿತು, ಹ್ರಸ್ವ ‘ಎ’ ಒಡೆದು ‘ಯೆ’ ಆಯಿತು. ಮ್ವೆರ್ತೊ, ಪ್ವೆಸ್ತೊ, ಅಬ್ಯೆರ್ತೊಗಳು ಬಂದದ್ದು ಹಾಗೆ. ದಿನಬಳಕೆಯ ಕ್ರಿಯಾಪದಗಳಾದ್ದರಿಂದ ನಿಯಮದ ರೂಪಕ್ಕೆ ಇವನ್ನು ತಳ್ಳಿಹಾಕಲು ಆಗಲಿಲ್ಲ. ಸ್ಪೇನಿನ ಪುಟ್ಟ ಮಕ್ಕಳು ‘ರೊಂಪಿದೊ’, ‘ಪೊನಿದೊ’ ಅನ್ನುತ್ತವೆ, ಕೇಳಿ ಕೇಳಿ ತಿದ್ದಿಕೊಳ್ಳುತ್ತವೆ. ಕನ್ನಡದಲ್ಲೂ ಮಾಡು, ಹಾಡುಗಳಿಂದ ‘ಮಾಡಿ’, ‘ಹಾಡಿ’ ಆದರೆ ಬರು, ಕೊಡು, ಬೀಳುಗಳಿಂದ ‘ಬಂದು’, ‘ಕೊಟ್ಟು’, ‘ಬಿದ್ದು’ ತಾನೇ?

ಬೇರು ಗೊತ್ತಾದರೆ ಸಂತಾನ ಸಲೀಸು. ಪೊನೆರ್‌ನಿಂದ ಕೊಂಪ್ವೆಸ್ತೊ, ಪ್ರೊಪ್ವೆಸ್ತೊ, ಸುಪ್ವೆಸ್ತೊ, ಎಸ್ಕ್ರಿಬಿರ್‌ನಿಂದ ದೆಸ್ಕ್ರಿತೊ, ಸುಸ್ಕ್ರಿತೊ, ಬೊಲ್ಬೆರ್‌ನಿಂದ ದೆಬ್ವೆಲ್ತೊ, ಅಸೆರ್‌ನಿಂದ ದೆಸೆಚೊ, ಸ್ವಲ್ಪ ವೇಷ ಮರೆಸಿಕೊಂಡ ಸತಿಸ್ಫೆಚೊ. ಅರ್ಜೆಂಟೀನಾ, ಉರುಗ್ವೆಗಳಲ್ಲಿ ‘ದೆಸ್ಕ್ರಿಪ್ತೊ’, ‘ಇನ್ಸ್ಕ್ರಿಪ್ತೊ’ ಎಂದು ‘ಪ’ ಸೇರಿಸಿ ಬರೆದದ್ದು ಕಂಡರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ, ಅಲ್ಲಿ ಅದೇ ಸರಿ.

ಆದರೆ ಈ ಸಂತಾನದಲ್ಲಿ ಮನೆಬಿಟ್ಟವರೂ ಇದ್ದಾರೆ. ದೆಸಿರ್‌ನಿಂದ ಹುಟ್ಟಿದ ಬೆಂದೆಸಿರ್ (ಹರಸು), ಮಾಲ್ದೆಸಿರ್ (ಶಪಿಸು) ಎರಡೂ ನಿಯಮದ ಪಾಲು: ಬೆಂದೆಸಿದೊ, ಮಾಲ್ದೆಸಿದೊ. ‘ಬೆಂದಿತೊ’ ಬರೀ ವಿಶೇಷಣ, ಅಬೆರ್ ಜೊತೆ ಬರುವುದಿಲ್ಲ. ರೊಂಪೆರ್‌ನ ಬಳಗದ ಕೊರ್ರೊಂಪೆರ್, ಇಂತೆರ್ರುಂಪಿರ್‌ಗಳೂ ಅಷ್ಟೇ: ಕೊರ್ರೊಂಪಿದೊ, ಇಂತೆರ್ರುಂಪಿದೊ. ಅಪವಾದಗಳನ್ನು ಚೆನ್ನಾಗಿ ಕಲಿತವರೇ ಇಲ್ಲಿ ಸಿಕ್ಕಿಬೀಳುತ್ತಾರೆ.

ಎರಡೂ ರೂಪ ನಡೆಯುವ ಕ್ರಿಯಾಪದಗಳು ಮೂರು: ಫ್ರೆಯಿರ್ (ಕರಿ), ಇಂಪ್ರಿಮಿರ್ (ಮುದ್ರಿಸು), ಪ್ರೊಬೆಎರ್ (ಒದಗಿಸು). ಫ್ರೆಯಿದೊ ಅಥವಾ ಫ್ರಿತೊ, ಇಂಪ್ರಿಮಿದೊ ಅಥವಾ ಇಂಪ್ರೆಸೊ, ಪ್ರೊಬೆಯಿದೊ ಅಥವಾ ಪ್ರೊಬಿಸ್ತೊ, ಯಾವುದಾದರೂ ಸರಿ. ವಿಶೇಷಣವಾಗಿ ಬಂದಾಗ ಮಾತ್ರ ಚಿಕ್ಕ ರೂಪವೇ ಹೊಂದುತ್ತದೆ. ಕರಿದ ಆಲೂಗಡ್ಡೆಗೆ ‘ಪತಾತಾಸ್ ಫ್ರಿತಾಸ್’.

ಬೇರೆ ಕಾಲಗಳಲ್ಲಿ ಕಾಡಿಸಿದ ಕ್ರಿಯಾಪದಗಳ ಬಗ್ಗೆ ಇಲ್ಲಿ ಹೆದರಿಕೆ ಬೇಡ. ತೆನೆರ್, ಬೆನಿರ್, ಪೊದೆರ್, ಸೆರ್, ಇರ್ ಎಲ್ಲವೂ ಸಾಧು: ತೆನಿದೊ, ಬೆನಿದೊ, ಪೊದಿದೊ, ಸಿದೊ, ಇದೊ. ಬರವಣಿಗೆಯಲ್ಲಿ ಮಾತ್ರ ಒಂದು ಎಚ್ಚರ: ಲೆಎರ್ (ಓದು), ಕಎರ್ (ಬೀಳು), ಒಯಿರ್ (ಕೇಳಿಸಿಕೊ) ತರಹ ‘ಆ’, ‘ಎ’, ‘ಒ’ ಸ್ವರದ ಬೆನ್ನಿಗೇ ‘ಇದೊ’ ಬಂದರೆ ‘ಇ’ ಮೇಲೆ ಓರೆಗೆರೆ ಹಾಕಬೇಕು. ‘ಉ’ ನಂತರ, ಅಂದರೆ ಉಯಿರ್ (ಓಡಿಹೋಗು), ಕೊನ್ಸ್ತ್ರುಯಿರ್ (ಕಟ್ಟು) ತರಹದವುಗಳಲ್ಲಿ ಗೆರೆ ಇಲ್ಲ.

ಇನ್ನೊಂದು ತಪ್ಪು ಹಿಂದಿಯಿಂದ ನುಸುಳುತ್ತದೆ. ‘ಎರಡು ಪತ್ರ ಬರೆದಿದ್ದೇನೆ’ ಅನ್ನಲು ಹಿಂದಿಯಲ್ಲಿ ‘ದೋ ಚಿಟ್ಠಿಯಾಂ ಲಿಖೀ ಹೈಂ’ ಅನ್ನಬೇಕು. ಪತ್ರ ಸ್ತ್ರೀಲಿಂಗವಾದ್ದರಿಂದ ಕ್ರಿಯಾಪದವೂ ಬದಲಾಗುತ್ತದೆ. ಆ ರೂಢಿಯಲ್ಲಿ ‘ಎ ಎಸ್ಕ್ರಿತಾಸ್ ದೊಸ್ ಕಾರ್ತಾಸ್’ ಅಂದುಬಿಡುತ್ತಾರೆ. ತಪ್ಪು. ಅಬೆರ್ ಜೊತೆಗೆ ಪಾರ್ಟಿಸಿಪಲ್ ಯಾವತ್ತೂ ‘ಒ’ದಲ್ಲೇ ನಿಲ್ಲಬೇಕು: ‘ಎ ಎಸ್ಕ್ರಿತೊ ದೊಸ್ ಕಾರ್ತಾಸ್’. ಇಲ್ಲಿ ಕನ್ನಡವನ್ನೇ ನಂಬಿ: ಬರೆದಿದ್ದೇನೆ, ಬರೆದಿದ್ದಾಳೆ, ಬರೆದಿದ್ದಾರೆ, ಬದಲಾಗುವುದು ‘ಇರು’ ಒಂದೇ, ‘ಬರೆದು’ ಅಲ್ಲಾಡುವುದಿಲ್ಲ. ಲಿಂಗ, ವಚನ ಹೊಂದಿಸಬೇಕಾದದ್ದು ಎಸ್ತಾರ್ (ಇರು) ಅಥವಾ ತೆನೆರ್ (ಹೊಂದಿರು) ಜೊತೆ ಬಂದಾಗ: ಬಾಗಿಲು ತೆರೆದಿದೆ ಅನ್ನಲು ‘ಲಾ ಪ್ವೆರ್ತಾ ಎಸ್ತಾ ಅಬ್ಯೆರ್ತಾ’.

ಅಬೆರ್‌ಗೂ ಪಾರ್ಟಿಸಿಪಲ್‌ಗೂ ನಡುವೆ ಏನನ್ನೂ ತುರುಕಬೇಡಿ. ಇಂಗ್ಲಿಷ್‌ನ ಜಾಡಿನಲ್ಲಿ ‘ಎ ನುಂಕಾ ಬಿಸ್ತೊ’ ಅಂದರೆ ಕಿವಿಗೆ ಕಚ್ಚುತ್ತದೆ; ‘ನುಂಕಾ ಎ ಬಿಸ್ತೊ’ (ಎಂದೂ ನೋಡಿಲ್ಲ) ಸರಿ. ‘ಅದನ್ನು’ ಎಂಬ ಸರ್ವನಾಮವೂ ಮುಂದೆಯೇ: ‘ಲೊ ಎ ಬಿಸ್ತೊ’.

ಬರೆಯುವಾಗ ಎಚೊ ಪದದ ‘ಎಚ್’ ಅಕ್ಷರ ಮರೆಯಬೇಡಿ. ಅದಿಲ್ಲದಿದ್ದರೆ ಎಚಾರ್ (ಎಸೆ, ಸುರಿ) ಕ್ರಿಯಾಪದದ ‘ನಾನು ಎಸೆಯುತ್ತೇನೆ’ ರೂಪವಾಗುತ್ತದೆ. ಉಚ್ಚಾರ ಒಂದೇ ಆದ್ದರಿಂದ ಆ ಭಾಷೆಯಲ್ಲೇ ಹುಟ್ಟಿ ಬೆಳೆದವರೂ ಇದನ್ನು ತಪ್ಪು ಬರೆಯುವುದುಂಟು.

ಕೊನೆಗೆ, ಎಲ್ಲಿ ಮಾತಾಡುತ್ತೀರಿ ಅನ್ನುವುದನ್ನೂ ಗಮನಿಸಿ. ಸ್ಪೇನಿನ ಬಹುಪಾಲು ಕಡೆ ‘ಇವತ್ತು ಬರೆದೆ’ ಅನ್ನಲು ‘ಒಯ್ ಎ ಎಸ್ಕ್ರಿತೊ’ ಅಂದರೆ, ಲ್ಯಾಟಿನ್ ಅಮೆರಿಕದ ಹೆಚ್ಚಿನ ಕಡೆ ಸರಳ ಭೂತಕಾಲದ ‘ಒಯ್ ಎಸ್ಕ್ರಿಬಿ’ ಸಾಕು. ಹಾಗಂತ ಮೆಕ್ಸಿಕೊಗೆ ಹೋಗುವವರು ಈ 11ನ್ನು ಬಿಡುವಂತಿಲ್ಲ. ‘ಬರೆದಿದ್ದೆ’ ಅನ್ನಲು ‘ಅಬಿಯಾ ಎಸ್ಕ್ರಿತೊ’, ‘ಇನ್ನೂ ಮರಳಿಲ್ಲ’ ಅನ್ನಲು ‘ತೊದಾಬಿಯಾ ನೊ ಆ ಬ್ವೆಲ್ತೊ’ ಅಲ್ಲೂ ಬೇಕೇ ಬೇಕು.