ಒಂದು ನ್ಯಾನೊಮೀಟರ್ ಬದು

ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಮಂಡ್ಯದ ಗದ್ದೆಗಳಲ್ಲಿ ನಾಟಿಗೆ ಮುಂಚೆ ಬದುವಿನ ಏಡಿ ಬಿಲಗಳನ್ನು ಹುಡುಕಿ ಕೆಸರು ಮೆತ್ತುತ್ತಾರೆ. ಒಂದು ಬಿಲ ಉಳಿದರೂ ನೀರು ನಿಲ್ಲದು. ಕಾಂತೀಯ ಟನಲ್ ಜಂಕ್ಷನ್ ಕಟ್ಟುವವರ ಪಾಡೂ ಇದೇ. ಅವರ ಬದುವಿನ ದಪ್ಪ ಮಾತ್ರ ಸುಮಾರು 1 ನ್ಯಾನೊಮೀಟರ್, ಅಂದರೆ ನಾಲ್ಕೈದು ಪರಮಾಣು ಪದರ.

ಎರಡು ಕಾಂತೀಯ ಲೋಹಗಳ ನಡುವಿನ ಅವಾಹಕ ಪದರವೇ ಈ ಬದು. ಅದನ್ನು ಹತ್ತಿ ದಾಟುವ ಶಕ್ತಿ ಎಲೆಕ್ಟ್ರಾನಿಗಿಲ್ಲ. ಆದರೂ ಅದರ ತರಂಗದ ಬಾಲ ಆಚೆ ದಡ ಮುಟ್ಟುವುದರಿಂದ ಕೆಲವು ಎಲೆಕ್ಟ್ರಾನುಗಳು ತೂರಿ ಹೋಗುತ್ತವೆ, ಸ್ಪಿನ್ (ಎಲೆಕ್ಟ್ರಾನಿನ ಪುಟ್ಟ ಕಾಂತದ ದಿಕ್ಕು) ಬದಲಿಸದೆ. ಎರಡೂ ಕಾಂತಗಳು ಒಂದೇ ದಿಕ್ಕಿಗಿದ್ದರೆ ಆ ಸ್ಪಿನ್ನಿಗೆ ಆಚೆ ಹೆಚ್ಚು ಜಾಗವಿರುತ್ತದೆ, ರೋಧ ಕಡಿಮೆ. ಎದುರುಬದುರಾದರೆ ರೋಧ ಏರುತ್ತದೆ.

ಫ್ರಾನ್ಸಿನ ಜುಲಿಯೇರ್ 1975ರಲ್ಲಿ 4.2 ಕೆಲ್ವಿನ್‌ನಲ್ಲಿ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಈ ರೋಧದಲ್ಲಿ ಶೇ. 14ರಷ್ಟು ವ್ಯತ್ಯಾಸ ಕಂಡರು. ಕೋಣೆಯ ಉಷ್ಣತೆಯಲ್ಲಿ ಗಟ್ಟಿ ಫಲ ಸಿಕ್ಕಿದ್ದು 1995ರಲ್ಲಿ: ಜಪಾನಿನಲ್ಲಿ ಮಿಯಾಝಾಕಿ ಮತ್ತು ತೆಜುಕಾ ಅವರಿಗೆ ಶೇ. 18, ಅಮೆರಿಕದ ಎಂಐಟಿಯಲ್ಲಿ ಜಗದೀಶ್ ಮೂಡೇರ ತಂಡಕ್ಕೆ ಶೇ. 11.8. ಮೂಡೇರ ಓದಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ. ಇಲ್ಲಿನ ಭೌತಶಾಸ್ತ್ರ ವಿದ್ಯಾರ್ಥಿಗಳಿಗೆ ಈ ಮಾತು ಗೊತ್ತಿರಬೇಕು. ಇಪ್ಪತ್ತು ವರ್ಷ ಕಾಯಿಸಿದ್ದು ಕಾಂತಗಳಲ್ಲ, ಬದು. ಮೂಡೇರ ತಂಡ ದ್ರವ ಸಾರಜನಕದಿಂದ ತಣಿಸಿದ ತಳದ ಮೇಲೆ ಅಲ್ಯೂಮಿನಿಯಂ ಹರಡಿತು. ತಣ್ಣಗಿದ್ದರೆ ಪರಮಾಣುಗಳು ಉಂಡೆಗಟ್ಟದೆ ಸಮನಾಗಿ ಕೂರುತ್ತವೆ. ಆಮೇಲೆ ಆಮ್ಲಜನಕದ ಪ್ಲಾಸ್ಮಾದಲ್ಲಿ ಅದನ್ನು ಆಕ್ಸೈಡ್ ಮಾಡಿದರು. ಇಲ್ಲಿ ಹದ ಸೂಕ್ಷ್ಮ. ಆಕ್ಸಿಡೀಕರಣ ಕಡಿಮೆಯಾದರೆ ಲೋಹದ ಅಲ್ಯೂಮಿನಿಯಂ ಉಳಿದು ಸ್ಪಿನ್ ವ್ಯತ್ಯಾಸ ಕುಗ್ಗುತ್ತದೆ. ಹೆಚ್ಚಾದರೆ ಕೆಳಗಿನ ಕಾಂತವೇ ತುಕ್ಕು ಹಿಡಿಯುತ್ತದೆ.

ಏಡಿ ಬಿಲ ಪತ್ತೆಗೆ ಒಂದು ಒಳ್ಳೆಯ ಪರೀಕ್ಷೆಯಿದೆ. ಜಂಕ್ಷನ್ನನ್ನು ತಣಿಸಿ ರೋಧ ಅಳೆಯಿರಿ. ತುಸು ಏರಿದರೆ ಬದು ಸರಿಯಿದೆ. ಇಳಿದರೆ ಎಲ್ಲೋ ಲೋಹಕ್ಕೆ ಲೋಹ ತಾಗಿದೆ. ವೋಲ್ಟೇಜಿಗೆ ತಕ್ಕಂತೆ ವಿದ್ಯುತ್ ಪ್ರವಾಹ ಏರುವ ಗೆರೆ ಬಾಗಿದೆ ಎಂಬುದನ್ನಷ್ಟೇ ನಂಬಬೇಡಿ. ತೂತಿದ್ದರೂ ಅದು ಬಾಗಬಹುದು.

ಈಗ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಬದಲು ಮೆಗ್ನೀಸಿಯಂ ಆಕ್ಸೈಡ್ ಬಳಸುತ್ತಾರೆ. ಅದರ ಹರಳು ಕೆಲವು ತರಂಗಗಳನ್ನು ಮಾತ್ರ ಸುಲಭವಾಗಿ ಬಿಡುತ್ತದೆ, ಕಬ್ಬಿಣದಲ್ಲಿ ಅಂಥವು ಹೆಚ್ಚಾಗಿ ಒಂದೇ ಸ್ಪಿನ್ನಿನವು. 2001ರಲ್ಲಿ ಇದು ಲೆಕ್ಕದಲ್ಲಿ ಕಂಡಿತು; 2004ರಲ್ಲಿ ಪ್ರಯೋಗದಲ್ಲಿ ರೋಧದ ವ್ಯತ್ಯಾಸ ಶೇ. 180 ದಾಟಿತು, 2008ರಲ್ಲಿ ಕೋಣೆಯ ಉಷ್ಣತೆಯಲ್ಲೇ ಶೇ. 604. ಇಂಥ ಜಂಕ್ಷನ್ನುಗಳಲ್ಲಿ ಕೋಬಾಲ್ಟ್-ಕಬ್ಬಿಣ-ಬೋರಾನ್ ಪದರವನ್ನು ಸಾಮಾನ್ಯವಾಗಿ ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ: ಬೋರಾನ್ ಹೊರಬಿದ್ದು ಲೋಹ ಬದುವಿನ ಹರಳಿಗೆ ಹೊಂದಿ ಕೂರುತ್ತದೆ. ಅತಿಯಾಗಿ ಕಾಯಿಸಿದರೆ ಪಕ್ಕದ ಪದರದ ಮ್ಯಾಂಗನೀಸ್ ನುಗ್ಗಿ ಕೆಡಿಸುತ್ತದೆ.

ಅಳೆಯುವಾಗ 0.1 ವೋಲ್ಟಿನ ಒಳಗೇ ಇರಿ. 1 ನ್ಯಾನೊಮೀಟರ್ ಬದುವಿಗೆ 1 ವೋಲ್ಟ್ ಎಂದರೆ ಮೀಟರಿಗೆ 100 ಕೋಟಿ ವೋಲ್ಟ್; ಬದು ಒಡೆದೀತು. ಮುಟ್ಟುವ ಮುಂಚೆ ಮೈಯ ಸ್ಥಿರವಿದ್ಯುತ್ತನ್ನು ಅರ್ತ್‌ಗೆ ಬಿಡಿ.