ಚಷ್ಮಾ ತೆಗೆದವನನ್ನು ಬೈಯುವ ಮುಂಚೆ

ಡಿಸೆಂಬರ್ ತಿಂಗಳ ಒಂದು ಬೆಳಗು, ಏಳೂವರೆ ಇರಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯೊಂದರ ಹಿಂಬದಿಯ ತೆರೆದ ಶೆಡ್ಡಿನಲ್ಲಿ ಫೆಟ್ಲಿಂಗ್ ನಡೆದಿತ್ತು. ಅಚ್ಚಿನಿಂದ ಹೊರಬಂದ ಕಾಸ್ಟಿಂಗಿನ ಅಂಚಿಗೆ ಉಳಿದ ಹೆಚ್ಚುವರಿ ಕಬ್ಬಿಣವನ್ನು ಗ್ರೈಂಡರ್ ಹಚ್ಚಿ ತೆಗೆಯುವ ಕೆಲಸ ಅದು. ಸಾಲಿನಲ್ಲಿ ಆರು ಜನ ಇದ್ದರು. ನಾಲ್ವರ ಸೇಫ್ಟಿ ಚಷ್ಮಾ ಹಣೆಯ ಮೇಲಿತ್ತು. ಹತ್ತಿರ ಹೋಗಿ ದನಿ ಏರಿಸಿದೆ. ಅವರಲ್ಲಿ ಹಿರಿಯರೊಬ್ಬರು ಗ್ರೈಂಡರ್ ನಿಲ್ಲಿಸಿ, "ಹಾಕ್ಕೊಂಡ್ರ ಎದುರಿನ ಕಬ್ಬಿಣಾನ ಕಾಣಂಗಿಲ್ರಿ ಸರ್. ಚಕ್ರ ಎಲ್ಲಿ ಹತ್ತಾಕತ್ತೈತಿ ಅನ್ನೂದು ತಿಳೀಲಿಲ್ಲಂದ್ರ ಬೆರಳು ಹೋಗ್ತಾವು. ಕಣ್ಣು ಉಳಿಸ್ಕೊಳ್ಳೂದೋ, ಕೈ ಉಳಿಸ್ಕೊಳ್ಳೂದೋ, ನೀವಾ ಹೇಳ್ರಿ" ಎಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ನಾನು ಬೋರ್ಡು ತೂಗುವ, ದಂಡ ಬರೆಯುವ ಸೇಫ್ಟಿ ಆಫೀಸರ್. 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮು ಕಣ್ಣಿನ ರಕ್ಷಣೆಗೇ ಮೀಸಲಾಗಿತ್ತು. ಚೂರು ಹಾರುವ ಕೆಲಸಕ್ಕೆ ಪರಿಣಾಮಕಾರಿ ಪರದೆ ಇಲ್ಲವೇ ತಕ್ಕ ಗಾಗಲ್ ಎಂದು ಅದರಲ್ಲಿತ್ತು. ಆ 'ತಕ್ಕ' ಎಂಬ ಮಾತನ್ನು ನಾನು ಎಷ್ಟೋ ಸಲ ಓದಿದ್ದೆ. ಉಸಿರಿಗೆ ಮಸುಕಾಗಿ ಏನೂ ಕಾಣಿಸದ ಗಾಗಲ್ ಯಾವ ಕೆಲಸಕ್ಕೆ ತಕ್ಕದ್ದು ಎಂದು ಕೇಳಿಕೊಂಡಿರಲಿಲ್ಲ.

ಬಾಯಿಂದ ಬರುವ ಉಸಿರು ಸುಮಾರು 34 ಡಿಗ್ರಿ ಬಿಸಿ, ಹಿಡಿಸುವಷ್ಟೂ ತೇವ ಅದರಲ್ಲಿ ತುಂಬಿರುತ್ತದೆ. ಆ ತಾಪದಲ್ಲಿ ಒಂದು ಘನ ಮೀಟರ್ ಗಾಳಿ 37 ಗ್ರಾಂ ನೀರನ್ನು ಹೊರಬಲ್ಲದು. ನಮ್ಮೂರಿನ ಚಳಿಗಾಲದ ಬೆಳಗಿನ 14 ಡಿಗ್ರಿಗೆ ಅದೇ ಗಾಳಿ ಇಳಿದರೆ ಹೊರುವುದು 12 ಗ್ರಾಂ ಮಾತ್ರ. ಉಳಿದ ನೀರು ಎಲ್ಲೋ ಇಳಿಯಲೇಬೇಕು, ಎದುರಿಗೆ ತಣ್ಣಗಿನ ಲೆನ್ಸ್ ಇದೆ. ಉಸಿರು ಲೆನ್ಸ್ ಮುಟ್ಟುವಷ್ಟರಲ್ಲಿ ಹೊರಗಿನ ಗಾಳಿ ಬೆರೆತು ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ, ಆದರೂ ಲೆನ್ಸ್ ಮಸುಕಾಗಲು ಅಷ್ಟು ಸಾಕು. ಹಾಗೆ ಕೂತ ನೀರು ತೆಳ್ಳಗೆ ಹರಡಿಕೊಂಡರೆ ತೊಂದರೆಯೇ ಇಲ್ಲ, ಅದರ ಮೂಲಕ ನೋಡಬಹುದು. ಆದರೆ ಅದು ಕಣ್ಣಿಗೆ ಬೀಳದಷ್ಟು ಸಣ್ಣ ಸಣ್ಣ ಹನಿಗಳಾಗಿ ಕೂರುತ್ತದೆ, ಒಂದೊಂದು ಹನಿಯೂ ಬೆಳಕನ್ನು ಒಂದೊಂದು ದಿಕ್ಕಿಗೆ ಚೆದುರಿಸುತ್ತದೆ. ಮುಂದೆ ಹೇಳುವ ಸೋಪಿನ ಉಪಾಯ ನಿಂತಿರುವುದು ಈ ಹನಿಯ ಮೇಲೆಯೇ.

ಅದಕ್ಕೂ ಮುಂಚೆ ಮಫ್ಲರ್. ಆ ಬೆಳಗು ನಾಲ್ವರನ್ನೂ ಸರಿಯಾಗಿ ನೋಡಿದಾಗ ಒಬ್ಬರದ್ದು ಮಂಕಿ ಕ್ಯಾಪ್, ಇಬ್ಬರದ್ದು ಮೂಗಿನ ಮೇಲೆ ಬಿಗಿದ ಟವೆಲ್, ಇನ್ನೊಬ್ಬರದ್ದು ಸಡಿಲವಾದ ಬಟ್ಟೆಯ ಮಾಸ್ಕ್. ಅಂಗಳ ಗುಡಿಸುವ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡಿದ್ದರು. ಖಾನಾಪುರದ ಕಡೆಯಿಂದ ಬೀಸುವ ಥಂಡಿ ಗಾಳಿಗೆ ಬಾಯಿ ಮುಚ್ಚಿಕೊಳ್ಳಬೇಡಿ ಎಂದು ಯಾರಿಗೆ ಹೇಳುವುದು? ಆದರೆ ಬಟ್ಟೆ ಎದುರಿಗೆ ಅಡ್ಡವಾದಾಗ ಉಸಿರು ಮೂಗಿನ ಎರಡೂ ಬದಿಯ ಸಂದಿಯಿಂದ ಮೇಲೇರಿ ನೇರ ಚಷ್ಮಾದ ಒಳಗೆ ನುಗ್ಗುತ್ತದೆ. ಮಸುಕಿನ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ ಎಂಬುದು ನನ್ನ ಅನುಭವ. ಮಫ್ಲರನ್ನು ಕಿವಿಗೂ ಕುತ್ತಿಗೆಗೂ ಸುತ್ತಿ, ಮೂಗು ಬಿಡಿ. ಧೂಳಿಗೆ ಮಾಸ್ಕ್ ಬೇಕೇಬೇಕಾದಲ್ಲಿ ಮೂಗಿನ ಮೇಲೆ ಬಾಗುವ ತಂತಿ ಇರುವುದನ್ನೇ ಕೊಡಿ. ಆ ತಂತಿಯನ್ನು ಎರಡೂ ಕೈಯ ಬೆರಳಿನಿಂದ ಮೂಗಿನ ಆಕಾರಕ್ಕೆ ಒತ್ತಬೇಕು. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಸಂದಿ ಉಳಿಯುತ್ತದೆ. ಉಸಿರನ್ನು ಕೆಳಕ್ಕೆ ಬಿಡುವ ವಾಲ್ವ್ ಇದ್ದರೆ ಇನ್ನೂ ಚಲೋ. ಕೊರೊನಾ ಕಾಲದಲ್ಲಿ ವಾಲ್ವ್ ಮಾಸ್ಕ್ ಬೇಡ ಎಂದದ್ದು ನಮ್ಮ ಉಸಿರು ಸೋಸದೆ ಹೊರಗೆ ಹೋಗುತ್ತದೆಂದು. ಫೌಂಡ್ರಿ ಧೂಳಿನ ವಿಷಯದಲ್ಲಿ ಆ ಚಿಂತೆ ಇಲ್ಲ.

ಎರಡನೆಯದು, ಮಸುಕು ಲೆನ್ಸಿನ ಯಾವ ಬದಿಗೆ ಇದೆ ಎಂದು ಬೆರಳಿಟ್ಟು ನೋಡಿ. ಒಳಬದಿಗೆ ಇದ್ದರೆ ಉಸಿರು, ಬೆವರು. ಹೊರಬದಿಗೆ ಇದ್ದರೆ ತಣ್ಣಗಿನ ಅಂಗಳದಿಂದ ನೀವು ಬೆಚ್ಚಗಿನ, ತೇವದ ಜಾಗಕ್ಕೆ ಬಂದಿದ್ದೀರಿ. ಸಕ್ಕರೆ ಕಾರ್ಖಾನೆಯಲ್ಲಿ ಹೊರಗಿನ ಕಬ್ಬಿನ ಯಾರ್ಡಿನಿಂದ ರಸ ಕುದಿಯುವ ಕಡೆಗೆ ಹೆಜ್ಜೆ ಇಟ್ಟ ಕೂಡಲೇ ಇದು ಆಗುತ್ತದೆ. ಅದಕ್ಕೆ ಮದ್ದೇನೂ ಬೇಡ. ಬಾಗಿಲ ಬಳಿ ಒಂದೆರಡು ನಿಮಿಷ ನಿಂತು ಲೆನ್ಸ್ ಬೆಚ್ಚಗಾಗಲು ಬಿಡಿ, ಮಸುಕು ತಾನೇ ಹೋಗುತ್ತದೆ. ಕಾಣದೆ ಮೆಟ್ಟಿಲು ಹತ್ತಬೇಡಿ, ಅಷ್ಟೇ.

ಚಷ್ಮಾವನ್ನು ಹಣೆಗೆ ಏರಿಸುವ ಅಭ್ಯಾಸ ಮಸುಕಿಗೆ ಇನ್ನೊಂದು ದಾರಿ. ಹಣೆಯ ಬೆವರು ಲೆನ್ಸಿನ ಒಳಮೈಗೆ ಅಂಟುತ್ತದೆ, ಕೆಳಗೆ ಇಳಿಸಿದ ಕೂಡಲೇ ಮತ್ತೆ ಮಸುಕು, ಮತ್ತೆ ಮೇಲಕ್ಕೆ. ವಿರಾಮದಲ್ಲಿ ಚಷ್ಮಾ ಕೊರಳ ದಾರದಲ್ಲಿ ತೂಗಲಿ. ರಾತ್ರಿಯಿಡೀ ಕಬ್ಬಿಣದ ಲಾಕರಿನಲ್ಲಿ ತಣ್ಣಗಾದದ್ದನ್ನು ಹಾಗೇ ಹಾಕಿಕೊಳ್ಳುವ ಬದಲು, ಪಾಳಿ ಶುರುವಾಗುವ ಮುಂಚೆ ಚಹಾ ಕುಡಿಯುವಷ್ಟು ಹೊತ್ತು ಚೀಲಸಮೇತ ಒಳಜೇಬಿನಲ್ಲಿ ಇಟ್ಟುಕೊಂಡರೂ ವ್ಯತ್ಯಾಸ ಕಾಣುತ್ತದೆ.

ಇನ್ನು ಸೋಪು. ಮೊದಲು ನೀರಲ್ಲಿ ತೊಳೆದು ಮರಳು ಹೋಗಿಸಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಎರಡೂ ಬದಿಗೆ ಬೆರಳಿನಿಂದ ಸವರಿ, ತೊಳೆಯದೆ ಆರಲು ಬಿಡಿ, ಮೆತ್ತನೆಯ ಬಟ್ಟೆಯಲ್ಲಿ ಹೊಳಪು ಬರುವಷ್ಟು ಮೆಲ್ಲಗೆ ಒರೆಸಿ. ನೀರಿನ ಮೇಲ್ಮೈಯ ಬಿಗಿತವನ್ನು ಸೋಪು ಸಡಿಲಿಸುವುದರಿಂದ ನೀರು ಹನಿ ಕಟ್ಟುವುದಿಲ್ಲ, ಪದರವಾಗಿ ಹರಡಿಕೊಳ್ಳುತ್ತದೆ. ಕೆಲವು ತಾಸು ತಡೆಯುತ್ತದೆ, ಊಟದ ಬಿಡುವಿನಲ್ಲಿ ಮತ್ತೊಮ್ಮೆ ಹಚ್ಚಬೇಕು. ಹೆಚ್ಚು ಹಚ್ಚಿ ಬೆವರು ಸುರಿದರೆ ಕಣ್ಣಿಗೆ ಇಳಿದು ಉರಿಯುತ್ತದೆ, ಹಾಗಾಗಿ ಒಂದೇ ಹನಿ. ಕೆಲವರು ಉಗುಳು ಹಚ್ಚುತ್ತಾರೆ. ಮುಳುಗುಗಾರರೂ ಹಾಗೆ ಮಾಡುತ್ತಾರೆ, ತಕ್ಕಮಟ್ಟಿಗೆ ಕೆಲಸವೂ ಆಗುತ್ತದೆ. ಆದರೆ ಬಾಯಲ್ಲಿ ತಂಬಾಕು ಇಟ್ಟವರ ಉಗುಳು ಕಣ್ಣಿಂದ ಅಂಗುಲ ದೂರದಲ್ಲಿ ಇರುವುದು ನನಗೆ ಒಪ್ಪಿಗೆ ಇಲ್ಲ. ಕಂಪನಿಯಿಂದಲೇ ಮಸುಕು ತಡೆಯುವ ಲೇಪ ಬಂದಿದ್ದರೆ ಸೋಪು ಬೇಡ, ಅದರ ಮೇಲೆ ಬರೆದ ಹಾಗೆ ಮಾಡಿ.

ಲುಂಗಿಯ ಅಂಚಿಗೆ, ಶರ್ಟಿನ ತೋಳಿಗೆ ಲೆನ್ಸ್ ಉಜ್ಜುವುದು ಬಿಡಿಸುವುದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಫೌಂಡ್ರಿ ಧೂಳೆಂದರೆ ಮರಳಿನ ಪುಡಿ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಲೆನ್ಸಿಗೆ ಅದು ಮರಳು ಕಾಗದವೇ ಸರಿ. ಗೀರು ಬಿದ್ದ ಲೆನ್ಸಿನಲ್ಲಿ ಮಸುಕು ಬಾರದೆಯೂ ಮಂಜು ಕಾಣುತ್ತದೆ, ಲೇಪವೂ ಉಳಿಯುವುದಿಲ್ಲ. ಪೇಂಟ್ ಕಲೆ ತೆಗೆಯಲು ಥಿನ್ನರ್ ಹಚ್ಚಿದರಂತೂ ಆ ಚಷ್ಮಾ ಮುಗಿಯಿತು. ಥಿನ್ನರಿಗೆ ಪಾಲಿಕಾರ್ಬೊನೇಟ್ ಒಳಗೊಳಗೇ ಸಣ್ಣ ಬಿರುಕು ಬಿಡುತ್ತದೆ, ಚೂರು ಬಡಿದಾಗ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಇನ್ನೊಂದು ಜಾಣತನದ ಕತೆ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ನುರಿಸುವ ಹಂಗಾಮಿನಲ್ಲಿ ಒಬ್ಬ ಹುಡುಗ ಕಾಯಿಸಿದ ಮೊಳೆಯಿಂದ ಮುಚ್ಚಿದ ಗಾಗಲ್ಲಿಗೆ ಸುತ್ತ ತೂತು ಹಾಕಿದ್ದ. ಗಾಳಿ ಆಡಲಿ, ಮಸುಕು ಬಾರದಿರಲಿ ಎಂದು. ಲೆಕ್ಕ ಸರಿ, ಜಾಗ ತಪ್ಪು. ಅವನು ನಿಲ್ಲುತ್ತಿದ್ದದ್ದು ರಸ ತಿಳಿ ಮಾಡಲು ಬಳಸುವ ಸುಣ್ಣದ ಹಾಲಿನ ಟ್ಯಾಂಕಿನ ಬಳಿ. ಸುಣ್ಣ ಕ್ಷಾರ. ಕಣ್ಣಿಗೆ ಸಿಡಿದರೆ ಆಮ್ಲಕ್ಕಿಂತ ಕೆಡುಕು, ಒಳಗೊಳಗೆ ಇಳಿಯುತ್ತಲೇ ಹೋಗುತ್ತದೆ. ಸಿಡಿದ ಕ್ಷಣದಿಂದ ಕನಿಷ್ಠ 15-20 ನಿಮಿಷ ಹರಿಯುವ ನೀರಲ್ಲಿ ರೆಪ್ಪೆ ಬಿಡಿಸಿ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಅಂಥ ಜಾಗಕ್ಕೆ ಬೇಕಾದದ್ದು ಗಾಳಿದಾರಿ ಓರೆಯಾಗಿ ಇರುವ ಗಾಗಲ್: ಗಾಳಿ ಒಳಗೆ ಬರುತ್ತದೆ, ಸಿಡಿದ ಹನಿ ನೇರ ನುಗ್ಗುವುದಿಲ್ಲ. ಕಬ್ಬಿನ ಯಾರ್ಡಿನಲ್ಲಿ, ರಸ ಹಿಂಡಿ ಉಳಿದ ಸಿಪ್ಪೆ (ಬಗಾಸ್) ಹಾರುವಲ್ಲಿ ಬದಿಗೆ ಪರದೆ ಇರುವ ತೆರೆದ ಚಷ್ಮಾ ಸಾಕು. ಗ್ರೈಂಡಿಂಗಿಗೆ ಅದರ ಮೇಲೆ ಮುಖಪರದೆಯೂ ಬೇಕು.

ಕೊಳ್ಳುವವರಿಗೆ ಒಂದು ಮಾತು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 5983 ನಮ್ಮ ಕಣ್ಣು ರಕ್ಷಕಗಳ ಮಾನಕ. ಯುರೋಪಿನ ಮಾನಕ ಇಎನ್ 166ರ ಪ್ರಕಾರ ಮಸುಕು ತಡೆಯುವ ಲೆನ್ಸಿನ ಮೇಲೆ ಇಂಗ್ಲಿಷಿನ 'ಎನ್' ಅಕ್ಷರ ಇರುತ್ತದೆ, ಗೀರು ತಡೆಯುವುದಕ್ಕೆ 'ಕೆ'. ಅಮೆರಿಕದ ಮಾನಕ ಝಡ್87.1ರ 2020ರ ಆವೃತ್ತಿ ಮಸುಕು ತಡೆಗೆ 'ಎಕ್ಸ್' ಗುರುತು ಕೊಟ್ಟಿದೆ. ಯುರೋಪಿನ ಪರೀಕ್ಷೆಯಲ್ಲಿ ಲೆನ್ಸ್ ಬಿಸಿನೀರಿನ ಆವಿಗೆ ಕನಿಷ್ಠ 8 ಸೆಕೆಂಡು ತಡೆದರೆ ಪಾಸು. ಎಂಟು ತಾಸಿನ ಪಾಳಿಗೆ ಎಂಟು ಸೆಕೆಂಡಿನ ಪ್ರಮಾಣಪತ್ರ ಎಂದು ನಗಬೇಡಿ, ಗುರುತೇ ಇಲ್ಲದ ಅಗ್ಗದ ಮಾಲಿಗಿಂತ ಅದು ಬಹಳ ಮೇಲು. ನಂಬರಿನ ಕನ್ನಡಕ ಇರುವವರಿಗೆ ಅದರ ಮೇಲೊಂದು ಗಾಗಲ್ ಹೇರಿದರೆ ಎರಡು ಲೆನ್ಸೂ ಮಸುಕಾಗುತ್ತವೆ. ಅವರಿಗೆ ನಂಬರು ಹಾಕಿಸಿದ ಸೇಫ್ಟಿ ಚಷ್ಮಾವನ್ನೇ ಮಾಡಿಸಿ ಕೊಡಿ, ಖರ್ಚು ಖರೀದಿ ವಿಭಾಗ ಸಹಿಸಿಕೊಳ್ಳಲಿ.

ಆ ಫೆಟ್ಲಿಂಗ್ ಅಂಗಳದಲ್ಲಿ ಈಗ ಹಾಜರಿ ಹಾಕುವ ಯಂತ್ರದ ಪಕ್ಕ ನಲ್ಲಿ, ಸೋಪಿನ ಬಾಟಲಿ, ಮೆತ್ತನೆಯ ಬಟ್ಟೆ ಇವೆ. ಹಿರಿಯರು ಮಫ್ಲರನ್ನು ಕಿವಿಗೆ ಸುತ್ತಿ ಮೂಗು ಹೊರಗಿಟ್ಟಿದ್ದರು. "ಮೂಗಿಗಿ ಥಂಡಿ ಹತ್ತತೈತ್ರಿ, ಆದ್ರ ಕಾಣತೈತಿ" ಎಂದರು. ಬಾಟಲಿ ಖಾಲಿಯಾಗಿತ್ತು. ಸ್ಟೋರಿಗೆ ಹೋಗಿ ಹೊಸದಕ್ಕೆ ಚೀಟಿ ಬರೆದು ಬಂದೆ.